ಮೂರನೇ ತೊಟ್ಟಿಯ ಮೀನು

ತೊಟ್ಟಿಯಲ್ಲಿ ನೀರಿತ್ತು. ಗಾಳಿ ಪಂಪು ಎಂದಿನಂತೆ ಗುಳುಗುಳು ಎನ್ನುತ್ತಿತ್ತು. ಮೇಲೆ ಬಿಗಿದಿದ್ದ ಬಲೆ ಮಾತ್ರ ಒಂದು ಮೂಲೆಯಲ್ಲಿ ಕತ್ತರಿಸಿಹೋಗಿ ಜೋತಾಡುತ್ತಿತ್ತು.

ಮೀನು ಇರಲಿಲ್ಲ.

ಒಂದೂ ಇರಲಿಲ್ಲ ಎಂದರೆ ತಪ್ಪಾದೀತು. ಒಂದಿತ್ತು. ತೊಟ್ಟಿಗೂ ಪಕ್ಕದ ಮನೆಯ ಕಾಂಪೌಂಡಿಗೂ ನಡುವೆ, ಕಲ್ಲುಚಪ್ಪಡಿಯ ಮೇಲೆ, ಅಂಗೈಗಿಂತ ದೊಡ್ಡದು, ಸತ್ತು ಬಿದ್ದಿತ್ತು. ಕಣ್ಣು ಇನ್ನೂ ಮಸುಕಾಗಿರಲಿಲ್ಲ.

"ನಾಳೆ ಬೆಳಿಗ್ಗೆ ಹಾಸ್ಟೆಲಿಗೆ ಕೊಡಬೇಕು," ಎಂದಳು ಲಾಂಡ್ರಿಯಕ್ಕ. ಅಳುತ್ತಿರಲಿಲ್ಲ. ಎರಡೂ ಕೈಯಲ್ಲಿ ತೊಟ್ಟಿಯ ಅಂಚನ್ನು ಹಿಡಿದು ನಿಂತಿದ್ದಳು, ಯಾರೋ ತೊಟ್ಟಿಯನ್ನೂ ಹೊತ್ತೊಯ್ದಾರು ಎಂಬಂತೆ. "ಕೊಡ್ತೀನಿ. ಹೇಗೆ ಅಂತ ನೀವು ಹೇಳಿ."

ಅವಳು ಹೇಳಿದ್ದು ನನಗಲ್ಲ, ಮೇಡಂಗೆ. ಮೇಡಂ ಪೊಲೀಸ್ ಕೆಲಸ ಬಿಟ್ಟು, ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಪತ್ತೇದಾರಿ ಕಚೇರಿ ನಡೆಸುವವರು. ನಾನು ಅವರ ಸಹಾಯಕಿ. ಸಂಜೆ ಕಾಲೇಜಿನಲ್ಲಿ ಲಾಂಡ್ರಿಯಕ್ಕ ನನ್ನ ಪಕ್ಕದ ಬೆಂಚಿನವಳು. ಆ ಪರಿಚಯಕ್ಕೇ ನಮ್ಮನ್ನು ಕರೆದಿದ್ದಳು. ನನ್ನ ಮಾತು ಕೇಳಿ ಕರೆದಳಲ್ಲ, ಮೀನು ಸಿಗದಿದ್ದರೆ ಏನು ಗತಿ ಎಂದು ಬಸ್ಸು ಹತ್ತಿದಾಗಿನಿಂದ ಯೋಚಿಸುತ್ತಿದ್ದೆ.

ಜಾಗದ ವಿಷಯ ಮೊದಲೇ ಹೇಳಿಬಿಡಬೇಕು. ಅದು ಅವಳ ಅಪ್ಪ ನಡೆಸುತ್ತಿದ್ದ ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಚಾದರ ಒಗೆಯಲು ಕಟ್ಟಿಸಿದ ನಾಲ್ಕು ಸಿಮೆಂಟ್ ತೊಟ್ಟಿ, ಒಂದು ಇಸ್ತ್ರಿ ಕೋಣೆ, ಮುಂದೆ ಕಬ್ಬಿಣದ ಗೇಟು. ಎಲ್ಲರೂ ಯಂತ್ರ ಕೊಂಡ ಮೇಲೆ ಲಾಂಡ್ರಿ ಮುಚ್ಚಿತು. ಅಪ್ಪನೂ ಹೋದರು. ಆಗ ಇವಳು ಮೀನು ಸಾಕುತ್ತೇನೆ ಎಂದಳು. ತೊಟ್ಟಿಯ ಗೋಡೆಯಲ್ಲಿ ಕಚ್ಚಿಕೊಂಡಿದ್ದ ಸೋಪು ಹೋಗಲಿ ಎಂದು ತಿಂಗಳುಗಟ್ಟಲೆ ತಿಕ್ಕಿದಳು, ತುಂಬಿದಳು, ಚೆಲ್ಲಿದಳು. ಮೊದಲು ಬಿಟ್ಟ ಮರಿಗಳು ಸತ್ತವು. ಮತ್ತೆ ತಿಕ್ಕಿದಳು. "ಏನಕ್ಕಾ, ಮೀನಿಗೆ ಇಸ್ತ್ರಿನೂ ಮಾಡಿ ಕೊಡ್ತೀರಾ?" ಎಂದು ಬೀದಿಯವರು ನಕ್ಕರು. "ಗಂಜಿ ಹಾಕಿ ಕೊಡ್ತೀನಿ, ಬಾ," ಎಂದು ಅವಳೂ ಬಿಡಲಿಲ್ಲ.

ಜಾಗ ಈಗ ಅಣ್ಣನ ಹೆಸರಿನಲ್ಲಿದೆ. ಅಣ್ಣನಿಗೆ ಅಲ್ಲಿ ಕಾರು ತೊಳೆಯುವ ಸರ್ವೀಸ್ ಸ್ಟೇಷನ್ ಮಾಡುವ ಆಸೆ. ಕೊನೆಗೆ ಒಂದು ಮಾತಾಯಿತು: ಮೊದಲ ಫಸಲು ಆರ್ಡರ್ ಕೊಟ್ಟಿದ್ದ ಹಾಸ್ಟೆಲಿಗೆ ಹೇಳಿದ ದಿನ ಮುಟ್ಟಿದರೆ ಜಾಗ ತಂಗಿಗೆ ಬರೆದುಕೊಡುವುದು. ಮುಟ್ಟದಿದ್ದರೆ ಅವಳು ಬಿಟ್ಟು ಹೋಗುವುದು.

ಆ ಫಸಲು ಇದ್ದದ್ದು ಈ ಮೂರನೇ ತೊಟ್ಟಿಯಲ್ಲಿ. ಎರಡನೆಯದರಲ್ಲಿ ಬರೀ ಬೆರಳುದ್ದದ ಮರಿಗಳು. ಉಳಿದೆರಡು ಖಾಲಿ.

"ಮೊದಲು ನೋಡಿದ್ದು ಯಾರು?" ಮೇಡಂ ಕೇಳಿದರು.

"ನಾನೇ. ಬೆಳಕು ಹರಿಯೋ ಹೊತ್ತಿಗೆ ಗೇಟು ತೆಗೆದೆ."

"ಗೇಟಿಗೆ ಬೀಗ ಇತ್ತಾ?"

"ಇತ್ತು. ನಾನು ಹಾಕಿದ ಹಾಗೇ ಇತ್ತು."

"ಕೀ ಯಾರ್ ಯಾರ ಹತ್ರ ಇದೆ?"

"ನನ್ನ ಹತ್ರ, ಅಣ್ಣನ ಹತ್ರ, ಚಿಕ್ಕಪ್ಪನ ಹತ್ರ. ಆದ್ರೆ ಮೇಡಂ, ಗೇಟಿಂದ ಯಾಕೆ ಬರ್ತಾರೆ? ಬಲೆ ನೋಡಿ— ಗೋಡೆ ಕಡೆ ಕತ್ತರಿಸಿದಾರೆ. ಮೀನೂ ಆ ಕಡೆನೇ ಬಿದ್ದಿದೆ."

"ನೋಡಿದೆ," ಎಂದರು ಮೇಡಂ. "ಬಹಳ ಅಚ್ಚುಕಟ್ಟಾಗಿ ಬಿದ್ದಿದೆ."

ಗೋಡೆಯ ಆಚೆ ಕನ್ನಡಕದಂಗಡಿಯ ಯಜಮಾನರ ಮನೆ. ನಾವು ಕರೆಯುವ ಮೊದಲೇ ಅವರ ತಲೆ ಗೋಡೆಯ ಮೇಲೆ ಮೂಡಿತ್ತು.

"ನನ್ನ ಮೇಲೆ ಹಾಕೋಕೆ ನೋಡ್ತಿದೀರಾ? ಹಾಕಿ! ದೂರು ಕೊಟ್ಟಿದ್ದು ನಿಜ. ಒಂದಲ್ಲ, ಮೂರು ಸಲ. ವಾಸನೆ ಮೇಡಂ, ವಾಸನೆ! ಕಿಟಕಿ ತೆಗೆಯೋ ಹಾಗಿಲ್ಲ."

"ಬಲೆ ನಿಮ್ಮ ಕಡೆನೇ ಕತ್ತರಿಸಿದೆ."

"ನನಗೆ ಮಂಡಿನೋವು. ಕುರ್ಚಿ ಹತ್ತಿ ಬಲ್ಬ್ ಹಾಕೋಕೂ ಹೆಂಡತಿ ಬಿಡಲ್ಲ. ಈ ಗೋಡೆ ಹಾರ್ತೀನಾ?"

"ಈಗ ಯಾತರ ಮೇಲೆ ನಿಂತಿದೀರಿ?"

ಅವರು ಕೆಳಗೆ ನೋಡಿಕೊಂಡರು. "ಸ್ಟೂಲು. ಹೆಂಡತಿ ಸ್ನಾನಕ್ಕೆ ಹೋಗಿದಾಳೆ."

"ಮನೇಲಿ ಬೆಕ್ಕಿದೆಯಂತೆ?"

"ಇದೆ. ಕತ್ತರಿ ಹಿಡಿಯೋದು ಇನ್ನೂ ಕಲಿಸಿಲ್ಲ."

ಮೇಡಂ ನಗಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಗೋಡೆಯುದ್ದಕ್ಕೂ ನಡೆದರು. ಗೋಡೆಯ ನೆತ್ತಿಯ ಮೇಲೆ ದಪ್ಪಗೆ ಪಾಚಿ ಕಟ್ಟಿತ್ತು, ಮಖಮಲ್ಲು ಹೊದಿಸಿದಂತೆ. ಒಂದೆಡೆ ಬೆರಳಿಟ್ಟು ಮೆಲ್ಲನೆ ಒತ್ತಿದರು. ಒತ್ತಿದಲ್ಲಿ ಪಾಚಿ ಕಿತ್ತು ಗಾರೆ ಕಾಣಿಸಿತು. ಬೇರೆಲ್ಲೂ ಹಾಗೆ ಕಾಣುತ್ತಿರಲಿಲ್ಲ.

"ಬರ್ಕೋ," ಎಂದರು ನನಗೆ. "ಇದರ ಮೇಲೆ ಯಾರೂ ಹತ್ತಿಲ್ಲ, ಯಾರೂ ಇಳಿದಿಲ್ಲ, ಬಕೆಟ್ಟೂ ಇಟ್ಟಿಲ್ಲ. ಕಳ್ಳ ಗೇಟಿನಿಂದ ಬಂದಿದಾನೆ. ಗೇಟಿನಿಂದ ಹೋಗಿದಾನೆ. ಹೋಗುವಾಗ ಬೀಗ ಹಾಕಿದಾನೆ."

ಲಾಂಡ್ರಿಯಕ್ಕನ ಮುಖ ಬಿಗಿಯಿತು. ಮೂರು ಕೀಲಿಗಳಲ್ಲಿ ಒಂದು ಅವಳದು. ಉಳಿದೆರಡೂ ಮನೆಯವರದೇ.

ಅಣ್ಣ ಇಸ್ತ್ರಿ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ಮುಖ.

"ನಿಮಗೆ ಈ ಜಾಗ ಬೇಕಿತ್ತು," ಎಂದರು ಮೇಡಂ.

"ಬೇಕಿತ್ತು. ಅದರಲ್ಲಿ ಮುಚ್ಚುಮರೆ ಏನಿದೆ?"

"ಮೀನು ಹೋದ್ರೆ ಜಾಗ ನಿಮಗೆ ಉಳಿಯುತ್ತೆ."

"ಹೌದು. ಅದಕ್ಕೆ ಕದೀಬೇಕಾ? ತಾನೇ ಮುಳುಗ್ತಾಳೆ ಅಂತ ಸುಮ್ಮನೆ ಕಾಯ್ತಾ ಕೂತಿದ್ದೆ." ಅವನು ತಂಗಿಯ ಕಡೆ ನೋಡಲಿಲ್ಲ. "ಮುಳುಗಲಿಲ್ಲ. ಅದು ನನ್ನ ತಪ್ಪಾ?"

"ರಾತ್ರಿ ಎಲ್ಲಿದ್ರಿ?"

"ಮನೇಲಿ. ಮಗೂಗೆ ಜ್ವರ. ಬೇಕಾದ್ರೆ ಡಾಕ್ಟರನ್ನ ಕೇಳಿ, ಎರಡು ಸಲ ಬೈಸ್ಕೊಂಡಿದೀನಿ." ಆಮೇಲೆ ತಂಗಿಯತ್ತ ತಿರುಗಿ, "ನೋಡು, ಆದದ್ದಾಯ್ತು. ಹಾಸ್ಟೆಲಿನವರಿಗೆ ಇವತ್ತೇ ಹೇಳಿಬಿಡು. ಮಾತು ಮಾತೇ. ಕೀ ಕೊಡು," ಎಂದ.

"ನಾಳೆ ಬೆಳಿಗ್ಗೆ ತನಕ ಮಾತು ಮುಗಿದಿಲ್ಲ ಅಣ್ಣ."

"ಮೀನಿಲ್ಲದೆ ಏನು ಕೊಡ್ತೀಯಾ? ನೀರಾ?"

"ಏನು ಕೊಡ್ತೀನಿ ಅನ್ನೋದು ನನಗೆ ಬಿಡು. ಕೀ ಮಾತ್ರ ಕೊಡಲ್ಲ."

"ಸರಿಯಾಗಿ ಹೇಳಿದೆ ಮಗಳೇ!" ಎಂದು ಗೇಟಿನ ಕಡೆಯಿಂದ ದೊಡ್ಡ ದನಿ ಕೇಳಿಸಿತು.

ಟ್ಯಾಂಕರ್ ಚಿಕ್ಕಪ್ಪ. ಊರಿನ ಅರ್ಧ ಮನೆಗಳಿಗೆ ನೀರು ಹಾಕುವವರು. ಗೇಟಿನ ಮುಂದೆ ಅವರ ನೀಲಿ ಟ್ಯಾಂಕರ್ ನಿಂತಿತ್ತು. ಅದನ್ನು ಬಳಸಿಕೊಂಡೇ ನಾವು ಒಳಗೆ ಬಂದಿದ್ದು. ಲಾಂಡ್ರಿಯಕ್ಕನಿಗೆ ಮೀನಿನ ದಾರಿ ತೋರಿಸಿದವರೂ ಅವರೇ. ಚಿಕ್ಕ ವಯಸ್ಸಿನಲ್ಲಿ ಒಂದು ಮೀನು ಫಾರಂನಲ್ಲಿ ದುಡಿದವರು. ಮರಿ ಎಲ್ಲಿ ಸಿಗುತ್ತದೆ, ನೀರು ಎಷ್ಟು ದಿನ ಬಿಸಿಲಿಗೆ ಬಿಡಬೇಕು, ಎಲ್ಲ ಅವರೇ ಹೇಳಿಕೊಟ್ಟದ್ದು. ಇಡೀ ಮನೆತನ ನಕ್ಕಾಗ ಬೆನ್ನಿಗೆ ನಿಂತ ಒಬ್ಬರೇ ಒಬ್ಬರು.

"ಯಾವನೋ ಹೊಟ್ಟೆಕಿಚ್ಚಿನವನು ಮಾಡಿದ ಕೆಲಸ," ಎಂದು ಅವರು ಗೋಡೆಯ ಕಡೆ ಕಣ್ಣು ಕೆಂಪಗೆ ಮಾಡಿದರು. "ಕೈಗೆ ಸಿಕ್ಕಿದ್ರೆ ಇದೇ ತೊಟ್ಟೀಲಿ ಅದ್ದಿ ತೆಗೀತೀನಿ."

ಗೋಡೆಯ ಮೇಲಿನ ತಲೆ ಮಾಯವಾಯಿತು. ಸ್ಟೂಲು ಬಿದ್ದ ಸದ್ದಾಯಿತು.

"ಮೀನನ್ನ ಕೊನೆಗೆ ನೋಡಿದ್ದು ನೀವಂತೆ?" ಮೇಡಂ ಕೇಳಿದರು.

"ನಾನೇ. ಇವಳಿಗೆ ಎರಡು ದಿನದಿಂದ ಪರೀಕ್ಷೆ. 'ನೀನು ಓದ್ಕೋ ಮಗಳೇ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ನಾನೇ ಮೇವು ಹಾಕ್ತೀನಿ' ಅಂದೆ. ನಿನ್ನೆ ಸಂಜೆ ಕತ್ತಲಾಗೋ ಮುಂಚೆ ಹಾಕಿದೆ. ಹೊಟ್ಟೆ ಬಿರಿಯೋ ಹಾಗೆ ತಿಂದ್ವು, ಪಾಪ. ನೀರಲ್ಲಿ ಒಂದು ಕಾಳು ಉಳಿಸಲಿಲ್ಲ."

"ಆಮೇಲೆ?"

"ಆಮೇಲೇನು? ಟ್ಯಾಂಕರಲ್ಲಿ ತಂದಿದ್ದ ನೀರನ್ನ ಪೂರ್ತಿ ಈ ತೊಟ್ಟಿಗೆ ಬಿಟ್ಟೆ. ಖಾಲಿ ಟ್ಯಾಂಕರ್ ತಗೊಂಡು ಮನೆಗೆ ಹೋದೆ. ಬೆಳಿಗ್ಗೆ ನೀರು ತುಂಬೋಕೆ ಹೊರಟಿದ್ದೆ, ಇವಳ ಫೋನ್ ಬಂತು. ಹಾಗೇ ಓಡಿ ಬಂದೆ." ಚಿಕ್ಕಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. "ಮಕ್ಕಳ ಹಾಗೆ ಸಾಕಿದ್ವಿ ಮೇಡಂ."

ನಾನು ಅದನ್ನೂ ಹಾಗೇ ಬರೆದುಕೊಂಡೆ. ಮೇಡಂ ಮಾತ್ರ ಅವರ ಟವೆಲ್ಲನ್ನು ನೋಡುತ್ತಿದ್ದರೋ, ಅದರಾಚೆ ಏನನ್ನೋ ನೋಡುತ್ತಿದ್ದರೋ ತಿಳಿಯಲಿಲ್ಲ.

ಇಸ್ತ್ರಿ ಕೋಣೆಯ ಒಲೆಯ ಮೇಲೆ ಎಣ್ಣೆ ಚಟಪಟ ಎಂದಿತು. ಲಾಂಡ್ರಿಯಕ್ಕನ ಅಮ್ಮ ಚಪ್ಪಡಿಯ ಮೇಲಿದ್ದ ಆ ಒಂದು ಮೀನನ್ನು ಎತ್ತಿಕೊಂಡು ಹೋಗಿ, ಒಗೆಯುವ ಕಲ್ಲಿನ ಮೇಲೆ ಕೊಯ್ದು ಆಗಲೇ ಬಾಣಲೆಗೆ ಬಿಟ್ಟಿದ್ದರು.

"ಅಯ್ಯೋ, ಅಮ್ಮ! ಸಾಕ್ಷಿ ಅದು!" ಎಂದೆ ನಾನು.

"ಸಾಕ್ಷಿಯೋ ಪಾಕ್ಷಿಯೋ. ಬಿಟ್ರೆ ಬೆಕ್ಕಿನ ಪಾಲು," ಎಂದರು ಆಕೆ. "ಮಗಳು ಸಾಕಿದ್ದು, ಒಂದು ತುಣುಕಾದ್ರೂ ನಾವು ತಿನ್ನೋದು ಬೇಡ್ವಾ? ಅಂಗಡಿ ಮೀನಿಗಿಂತ ಎಷ್ಟೋ ವಾಸಿ ತಾಯಿ. ಅದನ್ನ ಕೊಯ್ದ್ರೆ ಒಂದು ಬೊಗಸೆ ಹೊಲಸು ಬರುತ್ತೆ. ಇದರಲ್ಲಿ ಏನೂ ಇಲ್ಲ, ಒಳಗೆ ತೊಳೆದಿಟ್ಟ ಹಾಗಿತ್ತು. ಲಾಂಡ್ರಿ ಮೀನು ಅಲ್ವಾ!"

ನಾನು ನಕ್ಕೆ. ಬರೆದುಕೊಳ್ಳಲಿಲ್ಲ. ಅಡುಗೆ ಮಾತನ್ನು ವರದಿಯಲ್ಲಿ ಯಾರು ಬರೆಯುತ್ತಾರೆ?

ಅಮ್ಮ ಕೊಟ್ಟ ಒಂದು ತುಣುಕನ್ನು ಮೇಡಂ ತಿಂದರು. ನಿಧಾನವಾಗಿ, ಮುಳ್ಳು ಬಿಡಿಸಿ. ಆಮೇಲೆ ಹೊರಗೆ ಬಂದು, "ಚಿಕ್ಕಪ್ಪಾ, ಕೈಗೆ ಸ್ವಲ್ಪ ನೀರು ಬಿಡ್ತೀರಾ? ಟ್ಯಾಂಕರ್ ನಲ್ಲಿಯಿಂದ?" ಎಂದರು.

"ಖಾಲಿ ಅಂದ್ನಲ್ಲಾ ಮೇಡಂ. ಒಂದು ತೊಟ್ಟೂ ಇಲ್ಲ. ಅಲ್ಲಿ ಬಕೆಟ್ಟಲ್ಲಿ ಇದೆ, ತಗೊಳ್ಳಿ."

ಮೇಡಂ ಬಕೆಟ್ಟಿನ ನೀರಿನಲ್ಲಿ ಕೈ ತೊಳೆದರು. ಕೈ ಒರೆಸುತ್ತಾ ಗೇಟಿನಾಚೆ ಹೋಗಿ ಟ್ಯಾಂಕರಿನ ಹಿಂದಿನ ಚಕ್ರದ ಪಕ್ಕ ಸುಮ್ಮನೆ ಕುಕ್ಕರುಗಾಲಲ್ಲಿ ಕುಳಿತು, ಎದ್ದು ಬಂದರು.

"ನಿಮಗೆ ಮೀನುಮರಿ ಎಲ್ಲಿಂದ ಬಂತು?" ಲಾಂಡ್ರಿಯಕ್ಕನನ್ನು ಕೇಳಿದರು.

ಈಗ ಇದೇಕೆ ಎಂಬಂತೆ ಅವಳು ನೋಡಿದಳು. "ದೂರದಿಂದ. ಲಾರೀಲಿ. ಪ್ಲಾಸ್ಟಿಕ್ ಚೀಲದಲ್ಲಿ ನೀರು, ಆಕ್ಸಿಜನ್ ತುಂಬಿ ಕಳಿಸ್ತಾರೆ."

"ದಾರೀಲಿ ಸಾಯಲ್ವಾ?"

"ಸಾಯಬಾರದು ಅಂತಾನೇ ಕಳಿಸೋಕೆ ಮುಂಚೆ ಒಂದೆರಡು ದಿನ ಉಪವಾಸ ಹಾಕ್ತಾರೆ. ತಿಂದ ಮೀನನ್ನ ಇಕ್ಕಟ್ಟು ನೀರಲ್ಲಿ ತುಂಬಿದ್ರೆ ಕಕ್ಕುತ್ತೆ, ಹೊಲಸು ಮಾಡುತ್ತೆ. ನೀರು ಕೆಟ್ಟು ಎಲ್ಲಾ ಸಾಯ್ತವೆ."

"ದೊಡ್ಡ ಮೀನಿಗೂ ಹಾಗೇನಾ?"

"ಜೀವಂತ ಸಾಗಿಸೋದಾದ್ರೆ ಯಾವ ಮೀನಿಗೂ ಹಾಗೇ. ನಾವು ಹಾಸ್ಟೆಲಿಗೆ ಐಸಲ್ಲಿಟ್ಟು ಕೊಡೋದು. ಅದಕ್ಕೇ, ಕೊನೆ ಸಂಜೆ ತನಕ ಚೆನ್ನಾಗಿ ಹಾಕಿ, ತೂಕ ಬರಲಿ ಅಂತ..."

ಅವಳು ನಿಲ್ಲಿಸಿದಳು.

"ಅಂತ ಯಾರಿಗೆ ಹೇಳಿದ್ರಿ?" ಮೇಡಂ ಮೆಲ್ಲಗೆ ಕೇಳಿದರು.

"ಚಿಕ್ಕಪ್ಪನಿಗೆ," ಎಂದಳು ಲಾಂಡ್ರಿಯಕ್ಕ. ಅವಳ ಕಣ್ಣು ಅಮ್ಮನ ಬಾಣಲೆಯ ಮೇಲೆ ನೆಟ್ಟಿತ್ತು.

"ಸಂಜೆ ಹೊಟ್ಟೆತುಂಬ ತಿಂದ ಮೀನು," ಎಂದರು ಮೇಡಂ. "ರಾತ್ರಿ ಕಳೆದು ಬೆಳಗಾಗೋ ಹೊತ್ತಿಗೆ ಹೊಟ್ಟೆ ತೊಳೆದಿಟ್ಟ ಹಾಗಾಗುತ್ತಾ?"

"ಇಲ್ಲ," ಎಂದಳು ಅವಳು. "ಪೂರ್ತಿ ಖಾಲಿ ಆಗಲ್ಲ. ಎರಡು ದಿನ ಏನೂ ಹಾಕದಿದ್ರೆ ಮಾತ್ರ ಹಾಗಾಗುತ್ತೆ."

"ಏನು ಮಾತು ಇದು!" ಚಿಕ್ಕಪ್ಪ ಮುಂದೆ ಬಂದರು. "ಒಂದು ಮೀನಿನ ಹೊಟ್ಟೆ ನೋಡಿ ಮನುಷ್ಯನ ಮೇಲೆ... ಅಲ್ಲ, ಹೌದು, ಉಪವಾಸ ಹಾಕಿದ್ದೆ. ಹಾಸ್ಟೆಲಿಗೆ ಹೋಗೋ ಮೀನು ಚೊಕ್ಕಟವಾಗಿರಲಿ ಅಂತ. ತಪ್ಪಾ?"

"ತಪ್ಪಲ್ಲ. ಆದ್ರೆ ಈಗಷ್ಟೇ 'ಹೊಟ್ಟೆ ಬಿರಿಯೋ ಹಾಗೆ ತಿಂದ್ವು' ಅಂದ್ರಲ್ಲ. ಒಳ್ಳೆ ಕೆಲಸ ಮಾಡಿದವನು ಸುಳ್ಳು ಯಾಕೆ ಹೇಳ್ತಾನೆ?"

ಚಿಕ್ಕಪ್ಪ ಗೇಟಿನ ಕಡೆ ಒಂದು ಹೆಜ್ಜೆ ಹಿಂದೆ ಸರಿದರು.

"ಕೇಳಿ," ಮೇಡಂ ಎಲ್ಲರ ಕಡೆ ತಿರುಗಿದರು. "ಗೋಡೆಯ ಪಾಚಿ ಹೇಳಿತು, ಕಳ್ಳ ಕೀಲಿ ಇರೋನು. ಬಲೆ ಕತ್ತರಿಸಿದ್ದು, ಮೀನು ಬಿಸಾಕಿದ್ದು ಪಕ್ಕದ ಮನೆಯವರ ತಲೆಗೆ ಕಟ್ಟೋಕೆ. ಕೀಲಿ ಇರೋ ಇಬ್ಬರಲ್ಲಿ ಅಣ್ಣ ಮೇವಿನ ಚೀಲ ಮುಟ್ಟೋರಲ್ಲ. ಎರಡು ದಿನ ಮೀನನ್ನ ಉಪವಾಸ ಕೆಡವಬಲ್ಲವರು ಒಬ್ಬರೇ. ಉಪವಾಸ ಯಾಕೆ? ಜೀವಂತ ಸಾಗಿಸೋಕೆ. ಸತ್ತ ಮೀನನ್ನ ಅದೇ ಬೆಳಿಗ್ಗೆ ಮಾರುಕಟ್ಟೇಲಿ ಮಾರಬೇಕು, ಊರಿಗೆಲ್ಲಾ ಗೊತ್ತಾಗುತ್ತೆ. ಜೀವಂತ ಮೀನು ಬೇರೆ ಕಡೆ ಎಷ್ಟು ದಿನ ಬೇಕಾದ್ರೂ ಇರುತ್ತೆ. ಆದ್ರೆ ಅಷ್ಟು ಮೀನು ಜೀವಂತ ಹೊತ್ತುಕೊಂಡು ಹೋಗೋಕೆ ಏನು ಬೇಕು? ನೀರು. ದೊಡ್ಡ ಪಾತ್ರೆ. ರಾತ್ರಿ ಗೇಟಿನ ಮುಂದೆ ನಿಂತ್ರೂ ಯಾರೂ ಯಾಕೆ ಅಂತ ಕೇಳದ ಗಾಡಿ."

ಎಲ್ಲರೂ ಗೇಟಿನ ಕಡೆ ನೋಡಿದರು.

"ಖಾಲಿ ಟ್ಯಾಂಕರ್ ಅಂತೆ," ಎಂದರು ಮೇಡಂ. "ಹಿಂದಿನ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಭಾರಕ್ಕೆ ನೆಟ್ಟಗಾಗೋ ಹಾಗೆ ಕುಸಿದಿದೆ. ಗಾಳಿಯನ್ನ ತುಂಬಿಕೊಂಡು ಅಷ್ಟು ಭಾರವಾಗುತ್ತಾ? ಇಳಿಸೋಕೆ ಮುಂಚೆನೇ ಫೋನ್ ಬಂತು, ಬರದೆ ಇದ್ರೆ ಅನುಮಾನ ಬರ್ತಿತ್ತು."

"ಯಾರೂ ಮುಟ್ಟಬಾರದು ನನ್ನ ಗಾಡೀನ!" ಚಿಕ್ಕಪ್ಪ ಕೂಗಿದರು.

ಲಾಂಡ್ರಿಯಕ್ಕ ಆಗಲೇ ಟ್ಯಾಂಕರಿನ ಏಣಿಯ ಮೇಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಹತ್ತಿದಳು. ಮುಚ್ಚಳ ಪೂರ್ತಿ ಮುಚ್ಚಿರಲಿಲ್ಲ. ಗಾಳಿಯಾಡಲೆಂದು ಸಂದಿಯಲ್ಲಿ ಒಂದು ಮರದ ತುಂಡು ಸಿಕ್ಕಿಸಿತ್ತು. ಅದನ್ನು ತೆಗೆದು ಮುಚ್ಚಳ ಎತ್ತಿದಳು. ಒಳಗಿಂದ ಬ್ಯಾಟರಿ ಪಂಪಿನ ಗುರ್ರೆನ್ನುವ ಸದ್ದು ಬೀದಿಗೆ ಕೇಳಿಸಿತು.

ಅವಳು ತೋಳಿನವರೆಗೆ ಕೈ ಇಳಿಬಿಟ್ಟಳು. ಪಟ್ ಎಂದು ನೀರು ಚಿಮ್ಮಿ ಅವಳ ಮುಖ ತೊಯ್ಯಿತು.

"ಇದಾವೆ," ಎಂದಳು. "ಜೀವ ಇದೆ."

ನಾನು ಓಡಿಹೋಗಿ ಏಣಿ ಹಿಡಿದುಕೊಂಡೆ.

ಅಣ್ಣ ಚಿಕ್ಕಪ್ಪನನ್ನೇ ನೋಡುತ್ತಿದ್ದ. "ಅದಕ್ಕಾ ನೀವು ಹೋದ ವಾರ ಮನೆಗೆ ಬಂದಿದ್ದು? 'ಅವಳು ಬಿಟ್ಟ ಮೇಲೆ ತೊಟ್ಟಿಗಳನ್ನ ನನಗೆ ಬಾಡಿಗೆಗೆ ಕೊಡು, ಸರ್ವೀಸ್ ಸ್ಟೇಷನ್‌ಗಿಂತ ಲಾಭ' ಅಂತ? 'ಬಿಟ್ರೆ' ಅಂದ್ರಿ ಅಂದ್ಕೊಂಡಿದ್ದೆ. 'ಬಿಟ್ಟ ಮೇಲೆ' ಅಂದಿದ್ರಿ."

"ಅದನ್ನ ಮೊದಲೇ ಯಾಕೆ ಹೇಳಲಿಲ್ಲ?" ಮೇಡಂ ಕೇಳಿದರು.

"ನಂಗೂ ಲಾಭ ಇತ್ತಲ್ಲ," ಎಂದ ಅಣ್ಣ. ಇಸ್ತ್ರಿ ಕಳಚಿದ ಮುಖ.

ಚಿಕ್ಕಪ್ಪ ಟವೆಲ್ಲನ್ನು ನೆಲಕ್ಕೆ ಎಸೆದರು. "ಹೌದು, ಮಾಡಿದೆ! ಕಲಿಸಿದ್ದು ಯಾರು? ನೀರು ಯಾರದು? ಗೇಟಿನ ಬೋರ್ಡಿನ ಮೇಲೆ ನನ್ನ ಹೆಸರೂ ಹಾಕು ಅಂದ್ರೆ ಆಗಲ್ಲ ಅಂದ್ಲು. ನಿನ್ನೆ ಮೊನ್ನೆ ಹುಟ್ಟಿದೋಳು!"

"ಕಲಿಸಿದ್ದಕ್ಕೆ ಕಾಲಿಗೆ ಬಿದ್ದೆ," ಟ್ಯಾಂಕರ್ ಮೇಲಿನಿಂದಲೇ ಅವಳು ಹೇಳಿದಳು. "ನೀರಿಗೆ ಬೇರೆಯವರಿಗಿಂತ ಒಂದು ಪೈಸೆ ಕಮ್ಮಿ ಕೊಟ್ಟಿಲ್ಲ. ಮರಿ ಸತ್ತಾಗ ಗುಂಡಿ ತೆಗೆದು ಹೂತಿದ್ದು ನಾನು. ತೊಟ್ಟಿ ತಿಕ್ಕಿ ಉಗುರು ಕಿತ್ತುಹೋಗಿದ್ದು ನಂದು. ಬೋರ್ಡಲ್ಲಿ ಯಾರ ಹೆಸರಿರಬೇಕು ಹೇಳಿ."

"ಮನೆ ವಿಷಯ," ಎಂದ ಅಣ್ಣ ಮೇಡಂ ಹತ್ತಿರ ಬಂದು, ದನಿ ತಗ್ಗಿಸಿ. "ಪೊಲೀಸು ಗಿಲೀಸು ಬೇಡ. ಮೀನು ಸಿಕ್ತಲ್ಲ."

ಮೇಡಂ ಲಾಂಡ್ರಿಯಕ್ಕನ ಕಡೆ ನೋಡಿದರು. ಅವಳು ಅಮ್ಮನ ಕಡೆ ನೋಡಿದಳು. ಚಿಕ್ಕಪ್ಪ ಅಮ್ಮನಿಗೆ ಮೈದುನ, ಆಕೆ ಮದುವೆಯಾಗಿ ಬಂದಾಗಿನಿಂದ ಶಾಲೆಗೆ ಕಳಿಸಿ ಬೆಳೆಸಿದ ಮೈದುನ. ಅಮ್ಮ ಒಲೆ ಆರಿಸಿದರು. ಕೈ ಒರೆಸಿಕೊಂಡರು.

"ಬರೀರಿ ತಾಯಿ," ಎಂದರು ನನಗೆ. "ದೂರು ಬರೀರಿ. ಅವಳು ಸೈನ್ ಹಾಕ್ತಾಳೆ. ಸಾಕ್ಷಿ ಬೇಕಾದ್ರೆ ನಂದು ಹೆಬ್ಬೆಟ್ಟು."

"ಅತ್ತಿಗೇ!"

"ನಾನು ಕೊಯ್ದ ಮೀನು ಸುಳ್ಳು ಹೇಳಲ್ಲಪ್ಪ."

ದೂರು ಬರೆದದ್ದಾಯಿತು. ಅದಕ್ಕೂ ಮೊದಲು ಆಗಬೇಕಾದ ಕೆಲಸವಿತ್ತು. ಟ್ಯಾಂಕರನ್ನು ಹಿಂದಕ್ಕೆ ತೆಗೆದು ತೊಟ್ಟಿಯ ಪಕ್ಕಕ್ಕೆ ತಂದೆವು. ಲಾಂಡ್ರಿಯಕ್ಕ ಮೇಲಿಂದ ಬಲೆಬುಟ್ಟಿಯಲ್ಲಿ ಎತ್ತುವುದು, ನಾನು ಏಣಿಯ ಮೇಲೆ ಕೈಯಿಂದ ಕೈಗೆ ದಾಟಿಸುವುದು, ಕೆಳಗೆ ತೊಟ್ಟಿಗೆ ಬಿಡಲು ಒಬ್ಬರು ಬೇಕಿತ್ತು. ಯಾರೂ ಕರೆಯಲಿಲ್ಲ. ಅಣ್ಣ ತಾನೇ ಪ್ಯಾಂಟು ಮಡಚಿ ಬಂದು ನಿಂತ.

"ನಾಳೆ ಹಾಸ್ಟೆಲಿಗೆ ಹೋದ್ರೆ ಜಾಗ ನಿನಗೇ ಬರೆದುಕೊಡ್ತೀನಿ," ಎಂದ, ಬುಟ್ಟಿಯ ಕಡೆ ನೋಡುತ್ತಾ.

"ಹೋದ್ರೆ ಅಲ್ಲ ಅಣ್ಣ. ಹೋಗುತ್ತೆ. ಬುಟ್ಟಿ ಓರೆ ಮಾಡು, ಎಸೀಬೇಡ, ಪೆಟ್ಟಾಗುತ್ತೆ."

ಚಿಕ್ಕಪ್ಪ ಗೇಟಿಗೆ ಒರಗಿ ನೋಡುತ್ತಿದ್ದರು. ಕೊನೆಯ ಬುಟ್ಟಿ ಇಳಿದಾಗ ಅವರು ನಕ್ಕರು. ಒಳ್ಳೆಯ ನಗೆಯಲ್ಲ.

"ನಾಳೆದು ಆಯ್ತು ಅಂತಿಟ್ಕೋ. ನಾಡಿದ್ದು? ಈ ಬೀದಿಗೆ ಬರೋ ಟ್ಯಾಂಕರ್ ನಂದೊಂದೇ. ಬೇರೆಯವರು ಬಂದ್ರೆ ನಾನು ಬಿಡಲ್ಲ. ನೀರಿಲ್ಲದೆ ಮೀನು ಸಾಕು, ನೋಡೋಣ."

ಅದು ನಿಜವಾದ ಮಾತಾಗಿತ್ತು. ನಾನು ಮೇಡಂ ಮುಖ ನೋಡಿದೆ. ಅವರು ಟ್ಯಾಂಕರಿನ ಕಡೆ ನೋಡುತ್ತಿದ್ದರು.

"ನನ್ನ ಬೋರ್‌ವೆಲ್ ಇದೆ," ಎಂದಿತು ಗೋಡೆಯ ಮೇಲಿನ ತಲೆ.

ಕನ್ನಡಕದಂಗಡಿಯವರು ಮತ್ತೆ ಸ್ಟೂಲು ಹತ್ತಿದ್ದರು. ಹಣೆಯ ಮೇಲೆ ಬಿದ್ದ ಗುರುತಿತ್ತು.

"ಗೋಡೆಗೆ ತೂತು ಹೊಡೆದು ಪೈಪ್ ಎಳ್ಕೊಳ್ಳಮ್ಮ. ಕರೆಂಟ್ ಬಿಲ್ ನಿಂದು. ನಾನು ಜಗಳಗಂಟನೇ ಇರಬಹುದು. ಆದ್ರೆ ನಾನೇ ಕಳ್ಳ ಅನ್ನೋ ಹಾಗೆ ನನ್ನ ಗೋಡೆ ಕೆಳಗೆ ಮೀನು ಬಿಸಾಕಿ ಹೋದೋನನ್ನ ನಾನು ಬಿಡಲ್ಲ." ಅವರು ಮೂಗು ಮುಚ್ಚಿಕೊಂಡರು. "ಒಂದು ಮಾತು. ವಾಸನೆ ದೂರು ಮಾತ್ರ ವಾಪಸ್ ತಗೊಳಲ್ಲ."

ಲಾಂಡ್ರಿಯಕ್ಕ ಟ್ಯಾಂಕರಿನಿಂದ ಕೆಳಗೆ ಧುಮುಕಿದಳು. ಮೈಯೆಲ್ಲ ಒದ್ದೆ, ಕೂದಲಲ್ಲಿ ಮೀನಿನ ಹುರುಪೆ.

"ತಗೋಬೇಡಿ ಸಾರ್," ಎಂದಳು. "ಮುಂದಿನ ತಿಂಗಳು ಉಳಿದೆರಡು ತೊಟ್ಟಿಗೂ ಮರಿ ಬಿಡ್ತೀನಿ. ಇನ್ನೂ ಜೋರಾಗಿ ಬರುತ್ತೆ."